ಎಪ್ಪತ್ತಕ್ಕೆ ನಡುಗುವ ಸ್ಟೇರಿಂಗು

ಸಾವಾದ ಮನೆಯಲ್ಲಿ ವರ್ಷವಿಡೀ ಹಬ್ಬ ಮಾಡುವುದಿಲ್ಲ, ಹೊಸ ಬಟ್ಟೆ ಉಡುವುದಿಲ್ಲ. ನಗುವಂಥದ್ದು ಮಾತ್ರ ಯಾರನ್ನೂ ಕೇಳದೆ ನಡೆದುಹೋಗುತ್ತದೆ. ನಮ್ಮ ಯಜಮಾನರು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಆಗಿನ್ನೂ ಕೈಗೊಂದು ಮೊಬೈಲು ಬಂದಿರದ ಕಾಲ, ಸುದ್ದಿ ತಂದವನು ಸೈಕಲ್ಲಿನಲ್ಲಿ ಬಂದ. ಆ ವರ್ಷವೆಲ್ಲ ನಾನು ಅತ್ತದ್ದೇ ಹೆಚ್ಚು. ನಡುನಡುವೆ ಇವೂ ನಡೆದವು. ಎಲ್ಲಕ್ಕೂ ಕಾರಣ ಅವರು ಬಿಟ್ಟುಹೋದ ಹಳೇ ಬಿಳಿ ಕಾರು.

ಗಂಡಸರ ಕೈ

ನಮ್ಮ ತೋಟ ಇರುವುದು ತುರುವೇಕೆರೆ ಕಡೆ. ಬಸ್ಸಿಳಿದು ಬಹಳ ದೂರ ನಡೆಯಬೇಕು. ಅತ್ತೆಯ ಕಣ್ಣಿಗೆ ಔಷಧಿ ನಡೆಯುತ್ತಿದ್ದದ್ದು ತುಮಕೂರಿನಲ್ಲಿ. ನಾನು ಕಾರು ಕಲಿಯದಿದ್ದರೆ ತೋಟವೂ ಆಸ್ಪತ್ರೆಯೂ ಎರಡೂ ನಿಲ್ಲುತ್ತಿದ್ದವು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರೊಬ್ಬರು ನಮ್ಮ ಕಾರಿನಲ್ಲೇ ಕಲಿಸಲು ಒಪ್ಪಿದರು.

ಊರೊಳಗೆ ಚೆನ್ನಾಗಿಯೇ ಓಡಿಸಿದೆ. ಹೈವೇಗೆ ಬಂದು ಸ್ಪೀಡಿನ ಮುಳ್ಳು ಎಪ್ಪತ್ತಕ್ಕೆ ಏರಿದ್ದೇ ತಡ, ಸ್ಟೇರಿಂಗು ಗಡಗಡ ನಡುಗತೊಡಗಿತು. ಅರವತ್ತಕ್ಕೆ ಇಳಿಸಿದರೆ ಏನೂ ಇಲ್ಲ.

"ನಿಮ್ಮ ಕೈ ನಡುಗ್ತೈತೆ ಮೇಡಂ. ಹೆಂಗಸರ ಹಿಡಿತ ಸಾಲಲ್ಲ. ಇಳೀರಿ, ಗಂಡಸರ ಕೈ ಬಿದ್ರೆ ಎಲ್ಲಾ ಸರಿಹೋಗ್ತದೆ," ಅಂದರು ಮೇಷ್ಟ್ರು.

ಅವರೇ ಕೂತು ಓಡಿಸಿದರು. ಎಪ್ಪತ್ತು ದಾಟಿತು. ಸ್ಟೇರಿಂಗಿನ ಜೊತೆ ಅವರ ಗಲ್ಲವೂ ಕುಣಿಯತೊಡಗಿತು. ಮೆಲ್ಲಗೆ ಅರವತ್ತಕ್ಕೆ ಇಳಿಸಿದರು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು, "ನೋಡಿದ್ರಾ? ನೀವು ನಡುಗಿಸಿ ನಡುಗಿಸಿ ಅದಕ್ಕೂ ಅದೇ ಅಭ್ಯಾಸ ಆಗೋಗೈತೆ."

ಡಾಕ್ಟರ ಸಮಾಧಾನ

ಅಷ್ಟಾದರೂ ನನಗೆ ನನ್ನ ಕೈ ಮೇಲೇ ಅನುಮಾನ. ಯಜಮಾನರು ಹೋದಮೇಲೆ ಕಾಫಿ ಬಗ್ಗಿಸುವಾಗಲೂ ಲೋಟ ಕಟಕಟ ಅನ್ನುತ್ತಿತ್ತು. ಇದೇನು ನರದ ಕಾಯಿಲೆಯೋ, ನಾನೂ ಹೋದರೆ ಅತ್ತೆಗೆ ಯಾರು ಅಂತ ಹೆದರಿ, ನಮ್ಮ ಬೀದಿಯ ಡಾಕ್ಟರ ಹತ್ತಿರ ಹೋದೆ. ವಯಸ್ಸಾದವರು. ನಾಡಿ ಹಿಡಿದು ಮೆತ್ತಗೆ ಕೇಳಿದರು.

"ಯಾವಾಗಮ್ಮ ನಡುಕ ಬರೋದು?"

"ಎಪ್ಪತ್ತಕ್ಕೆ ಡಾಕ್ಟ್ರೇ. ಅರವತ್ತರಲ್ಲಿ ಏನೂ ಇರಲ್ಲ."

ಅವರು ನನ್ನ ಕೈ ತಟ್ಟಿ ಕೆಳಗಿಟ್ಟರು. "ನಿಮಗಿನ್ನೂ ನಲವತ್ತೇ ಆಗಿಲ್ಲ. ಈಗಲೇ ಯಾಕೆ ಎಪ್ಪತ್ತರ ಚಿಂತೆ? ನನಗೆ ಎಪ್ಪತ್ತೆರಡು. ನೋಡಿ, ಏನಾಗಿದೆ?" ಅಂತ ಕೈ ಚಾಚಿ ತೋರಿಸಿದರು. ಕೈ ನಡುಗುತ್ತಿತ್ತು.

ಅರ್ಧಕ್ಕೆ ನಿಂತ ಮಾತು

ಅತ್ತೆಯನ್ನು ಮೊದಲ ಸಲ ನಾನೇ ತುಮಕೂರಿಗೆ ಕರೆದುಕೊಂಡು ಹೊರಟೆ. ಮಗ ಹೋದಮೇಲೆ ಅವರು ಮಾತು ಬಿಟ್ಟಂತೆಯೇ ಇದ್ದರು. ಊಟಕ್ಕೆ ಬನ್ನಿ ಅಂದರೆ ಬರುವುದು, ಮಲಗಿ ಅಂದರೆ ಮಲಗುವುದು, ಅಷ್ಟೇ. ಕಣ್ಣು ಬೇರೆ ಮಬ್ಬು. ನಿಟ್ಟೂರು ದಾಟಿದಮೇಲೆ ರಸ್ತೆ ಖಾಲಿ ಸಿಕ್ಕಿತು. ಎಪ್ಪತ್ತಾಯಿತು, ನಡುಕ ಶುರುವಾಯಿತು. ಅತ್ತೆ ತಡವರಿಸಿ ಕೈ ಮುಂದೆ ಮಾಡಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು.

"ಅವ್ನೇ ಕಣೆ," ಅಂದರು.

"ಯಾರತ್ತೆ?"

"ನನ್ನ ಮಗ. ಚಿಕ್ಕೋನಿದ್ದಾಗ ಜ್ವರ ಬಂದ್ರೆ ಹಿಂಗೇ ನಡುಗೋನು."

ಅತ್ತೆ ಮಗನ ಜೊತೆ ಮಾತಿಗೇ ಕೂತರು. ಹಸು ಕರು ಹಾಕಿದ್ದು, ಹಿತ್ತಿಲ ಬೇಲಿ ಬಿದ್ದದ್ದು, ಹುಳಿಯಾರಿನ ಚಿಕ್ಕಮ್ಮ ತಿಥಿಗೆ ಬಂದು ಪಾಯಸ ಸಪ್ಪೆ ಅಂದದ್ದು, ಎಲ್ಲ ಹೇಳಿದರು. ಅಷ್ಟು ತಿಂಗಳು ಬಾಯಿ ಬಿಡದಿದ್ದವರು. ಅಷ್ಟರಲ್ಲಿ ಮುಂದೆ ಒಂದು ಲಾರಿ ಅಡ್ಡ ಸಿಕ್ಕಿತು. ನಾನು ಐವತ್ತಕ್ಕೆ ಇಳಿಸಿದೆ. ನಡುಕ ನಿಂತಿತು. ಅತ್ತೆ ಕೈ ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕಾದರು. ಆಮೇಲೆ ನನ್ನ ಕಡೆ ತಿರುಗಿದರು.

"ಆ ಲಾರಿನ ದಾಟು ಕಣೆ. ಪಾಯಸಕ್ಕೆ ನಾನೇನಂದೆ ಅಂತ ಅವ್ನಿಗೆ ಹೇಳ್ಬೇಕು."

ಮೈದುನನ ಉಪಕಾರ

ಯಜಮಾನರ ತಮ್ಮ ಒಂದು ಭಾನುವಾರ ಬಂದ. "ಅತ್ತಿಗೆ, ಈ ಕಾರು ನಿಮಗ್ಯಾಕೆ ತೊಂದ್ರೆ? ನಮ್ಮನೇಲಿರ್ಲಿ. ನಿಮಗೆ ಬೇಕಾದಾಗ ನಾನೇ ಬಂದು ಕರ್ಕೊಂಡೋಗ್ತೀನಿ."

ಆ 'ಬೇಕಾದಾಗ' ಏನೆಂದು ನನಗೆ ಗೊತ್ತಿತ್ತು. ಜಗಲಿ ಮೇಲೆ ಕೂತು ಅವನ ದಾರಿ ಕಾಯಬೇಕು. ತೋಟದಲ್ಲಿ ಕಾಯಿ ಕೀಳಿಸುವ ದಿನವೂ ಅವನು ಹೇಳಿದ ದಿನವೇ. ಬೇಡ ಅನ್ನುವ ಧೈರ್ಯ ನನಗೆ ಬರಲಿಲ್ಲ. ಬೀಗದ ಕೈ ಕೊಟ್ಟೆ. ಒಂದು ಸುತ್ತು ಓಡಿಸಿ ನೋಡೋಣ ಅಂತ ಅವನು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೈವೇಗೆ ಬಂದ. ನಾನು ಹಿಂದೆ, ಅತ್ತೆ ಅವನ ಪಕ್ಕ. ಎಪ್ಪತ್ತಾಯಿತು.

"ಇದೇನವ್ವ ಹಿಂಗೆ ನಡುಗ್ತದೆ?" ಅಂದ.

"ನಿಮ್ಮಣ್ಣ ಕಣ್ಲಾ," ಅಂದರು ಅತ್ತೆ. "ಏನೋ ಬೇಡ ಅಂತಾವ್ನೆ."

ಮೈದುನ ಒಂದು ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿದ. ಬೀಗದ ಕೈ ನನ್ನ ಮಡಿಲಿಗೆ ಹಾಕಿ, ನಮ್ಮನೆಗೆ ಬಸ್ಸಿನಲ್ಲೇ ಹೋಗ್ತೀನಿ ಅಂತ ಇಳಿದ. "ಸ್ವಲ್ಪ ದೂರ ಬಿಡ್ತೀನಿ ಬಾಪ್ಪ," ಅಂದೆ. "ಬ್ಯಾಡ ಅತ್ತಿಗೆ, ಅಣ್ಣನ ಮಾತು ನಾನ್ಯಾವತ್ತೂ ಮೀರಿಲ್ಲ," ಅಂದ.

ಕೆರೆ ಗೋಡು

ಕೊನೆಗೆ ಮುಂದಿನ ಟೈರುಗಳು ಸವೆದು ಒಳಗಿನ ದಾರ ಕಂಡಿತು. ಹೊಸದು ಹಾಕಿಸಲೇಬೇಕಾಯಿತು. ಅತ್ತೆಯನ್ನು ಆಸ್ಪತ್ರೆಯಿಂದ ಕರೆದುಕೊಂಡು ತುಮಕೂರಿನದೇ ಒಂದು ಟೈರ್ ಅಂಗಡಿಗೆ ಹೋದೆ. ನಡುಕದ ವಿಷಯ ಹೇಳಿದೆ.

"ನಡುಗೋದು ಸ್ಟೇರಿಂಗೋ ಸೀಟೋ?" ಅಂತ ಅಂಗಡಿಯವನು ಕೇಳಿದ.

"ಸ್ಟೇರಿಂಗು."

"ಬ್ರೇಕ್ ಹಾಕಿದ್ರೆ ಜಾಸ್ತಿ ಆಗ್ತದಾ?"

"ಇಲ್ಲ."

"ಹಂಗಾದ್ರೆ ಮುಂದಿನ ಚಕ್ರ ಬ್ಯಾಲೆನ್ಸಿಲ್ಲ, ಅಷ್ಟೇ."

ಎಡಗಡೆ ಚಕ್ರ ಬಿಚ್ಚಿ ತಿರುಗಿಸಿ ತೋರಿಸಿದ. ರಿಮ್ಮಿನ ಒಳಮೈಗೆ ಅಂಗೈಯಗಲದ ಕಪ್ಪು ಮಣ್ಣು ಕಲ್ಲಿನಂತೆ ಕಚ್ಚಿಕೊಂಡಿತ್ತು. ಒಂದೇ ಪಕ್ಕ ಭಾರವಾಗಿ, ಜೋರಾಗಿ ತಿರುಗಿದಾಗ ಚಕ್ರ ಅದುರುತ್ತಿತ್ತಂತೆ. ಮಣ್ಣು ನೋಡಿದೊಡನೆ ನನಗೆ ಗುರುತು ಸಿಕ್ಕಿತು. ತೆಂಗಿನ ಬುಡಕ್ಕೆ ಅಂತ ಯಜಮಾನರು ಕೆರೆಯ ಹೂಳು ತೆಗೆಸಿ ಹೊಡೆಸಿದ್ದ ಗೋಡು. ಮಳೆಯಲ್ಲಿ ಅದರೊಳಗೆ ಕಾರು ಹೂತು, ಆಳುಗಳು ನೂಕಿ ತೆಗೆದಿದ್ದರು. ಅವರು ತೋಟಕ್ಕೆ ಹೋದದ್ದು ಅದೇ ಕೊನೆ. ಅಂಗಡಿಯವನು ಸ್ಕ್ರೂಡ್ರೈವರಿನಲ್ಲಿ ಮೀಟಿ ಅದನ್ನು ಮೋರಿಗೆ ಹಾಕಿದ. ನಾನು ನೋಡುತ್ತಾ ನಿಂತೆ.

ಬೆಂಚಿನ ಮೇಲೆ ಕೂತಿದ್ದ ಅತ್ತೆಗೆ ಮಣ್ಣಿನ ವಿಷಯ ಹೇಳದೆ, ಕೈ ಹಿಡಿದು ಕಾರಿಗೆ ಹತ್ತಿಸಿದೆ. ಗುಬ್ಬಿ ದಾಟಿದಮೇಲೆ ಅವರ ಕೈ ಡ್ಯಾಶ್‌ಬೋರ್ಡಿಗೆ ಬಂತು.

"ಎಷ್ಟಾಯ್ತು?"

"ಎಪ್ಪತ್ತು ಅತ್ತೆ."

ಕಾರು ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು.

"ಈಗ?"

"ಎಂಬತ್ತು."

ಅತ್ತೆಯ ಮುಖ ನೋಡುವ ಧೈರ್ಯವಾಗದೆ ರಸ್ತೆಯನ್ನೇ ನೋಡಿದೆ. ಮತ್ತೆ ಮೊದಲಿನಂತೆ ಮಾತು ಬಿಟ್ಟುಬಿಡುತ್ತಾರೆ ಅಂದುಕೊಂಡೆ. ಅವರು ಡ್ಯಾಶ್‌ಬೋರ್ಡನ್ನು ಎರಡು ಸಲ ಮೆತ್ತಗೆ ತಟ್ಟಿದರು.

"ನಿದ್ದೆ ಮಾಡ್ತಾವ್ನೆ ಪಾಪ. ಮಂಡಿ ಮಂಡಿ ಅಂತ ಬದುಕಿದ್ದಾಗ ಎಲ್ಲಿ ಮಲಗ್ದ? ನಿಧಾನ ಓಡ್ಸು ಕಣೆ, ಎದ್ದುಬಿಟ್ಟಾನು."

ಮನೆಯವರೆಗೂ ನಲವತ್ತರಲ್ಲೇ ಬಂದೆ. ಹಿಂದಿನಿಂದ ಬಂದ ಲಾರಿಯವರೆಲ್ಲ ಹಾರ್ನ್ ಬಾರಿಸಿ ಬೈದುಕೊಂಡು ಮುಂದೆ ಹೋದರು. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ತಿರುಗಿ, ಒಬ್ಬೊಬ್ಬರಿಗೂ ಬಾಯಿ ಮೇಲೆ ಬೆರಳಿಟ್ಟು ತೋರಿಸಿದರು.