ಎರಡು ಗಾಲಿಗೆ ಎರಡು ಕಲ್ಲು

ಮನೆಯಂಗಳದಿಂದ ರಸ್ತೆಗೆ ದಾಟುವ ದಾರಿ ಮನೆಯ ಯಜಮಾನನದೇ ಜವಾಬ್ದಾರಿ ಎಂದು ಮುನಸಿಪಾಲ್ಟಿ ಮೇಸ್ತ್ರಿ ಹೇಳಿದಾಗ ನಾನು ನಕ್ಕೆ. ಆದವಾನಿಯ ಹತ್ತಿ ವ್ಯಾಪಾರಿಗೆ ಒಂದು ಮೋರಿ ದಾಟುವುದು ಯಾವ ಲೆಕ್ಕ!

ಅಲ್ಲಿಯವರೆಗೆ ಬಾಗಿಲ ಮುಂದಿನ ಮೋರಿಗೆ ಮಣ್ಣು ತುಂಬಿ, ಅದರ ಮೇಲೆಯೇ ಬಂಡಿ ಹೊಡೆಸುತ್ತಿದ್ದೆ. ನೀರು ಕಟ್ಟಿಕೊಂಡು ಪಕ್ಕದ ಮನೆಗೆ ನುಗ್ಗುತ್ತಿತ್ತಂತೆ. ಮೇಸ್ತ್ರಿ ಮಣ್ಣು ತೆಗೆಸಿದ. ಬಾಗಿಲ ಅಗಲಕ್ಕೂ ಚಪ್ಪಡಿ ಹಾಸಿರಿ ಎಂದ. ಅದೇ ವಾರ ನನ್ನ ಮಗಳು ಗೌರಿಯನ್ನು ನೋಡಲು ಆಸ್ಪರಿಯಿಂದ ಹುಡುಗನ ತಾಯಿ ಬರುವವರಿದ್ದರು. ಬೀದಿಯಲ್ಲೇ ನಿಲ್ಲಿಸಿದ್ದ ನನ್ನ ಹೊಸ ಮೋಟಾರಿನಲ್ಲಿ ಸ್ಟೇಷನ್ನಿನಿಂದ ನೇರ ಅಂಗಳಕ್ಕೇ ಕರೆತರುತ್ತೇನೆಂದು ಹೇಳಿ ಕಳಿಸಿಬಿಟ್ಟಿದ್ದೆ. ಒಳ್ಳೆಯ ಸಂಬಂಧ, ಕೈತಪ್ಪಬಾರದು ಎಂಬ ಆತಂಕ ನನಗೂ ಇತ್ತು.

ಗಾಲಿಗಳಿರುವುದು ಎರಡು ಬದಿಗೆ. ನಡುವೆ ಕಲ್ಲೇಕೆ? ನನ್ನ ಈ ಮಹಾಸಂಶೋಧನೆಗೆ ನಾನೇ ಬೆರಗಾದೆ. ಅಂಗಳದಲ್ಲಿ ನಿಂತಿದ್ದ ಹತ್ತಿ ಬಂಡಿಯ ಗಾಲಿಯಿಂದ ಗಾಲಿಗೆ ಹಗ್ಗ ಹಿಡಿದು ಅಳೆದು, ಅದೇ ಅಳತೆಗೆ ಎರಡು ಉದ್ದನೆಯ ಕಲ್ಲು ಹಾಕಿಸಿದೆ. ಹೆಂಡತಿ ನೋಡಿ ಏನೋ ಕೇಳಲು ಬಂದಳು. ಇದು ಗಂಡಸರ ಕೆಲಸವೆಂದು ಒಳಗೆ ಕಳಿಸಿದೆ.

ಹತ್ತಿ ಬಂಡಿಗಿಂತ ಮೋಟಾರು ಒಂದು ಗೇಣು ಕಿರಿದು ಎಂಬ ಸತ್ಯ, ಭಾವೀ ಬೀಗಿತ್ತಿ ಹಿಂದೆ ಕುಳಿತು ನಾನು ಮುಂದೆ ಓಡಿಸುತ್ತಿರುವಾಗ ಗೊತ್ತಾಯಿತು. ಬಲಗಡೆಯ ಗಾಲಿ ಗಂಭೀರವಾಗಿ ಕಲ್ಲೇರಿತು. ಎಡಗಡೆಯದು ಮೋರಿಗಿಳಿಯಿತು! ಬೀಗಿತ್ತಿ ಇಳಕಲ್ ಸೀರೆಯ ಅಂಚು ಹಿಂಡಿಕೊಳ್ಳುತ್ತ ಕೆಳಗಿಳಿದರು. ಮೋರಿ ಕಟ್ಟಿತು, ನೀರು ತನ್ನ ಹಳೆಯ ಅಭ್ಯಾಸದಂತೆ ಪಕ್ಕದ ಮನೆಗೆ ಹೊರಟಿತು. ಮೇಸ್ತ್ರಿ ಓಡಿಬಂದ.

“ಆಗ ಮಣ್ಣು ಹಾಕಿದ್ರಿ, ಈಗ ಮೋಟಾರ ಹಾಕೀರೇನ್ರಿ ಸಾವ್ಕಾರ್ರ?”

ಓಣಿಯವರೆಲ್ಲ ಸೇರಿ ಮೋಟಾರನ್ನು ಹಿಂದಕ್ಕೆ ಎತ್ತಿಟ್ಟರು. ನಾನು ಮಾತ್ರ ಧೃತಿಗೆಡಲಿಲ್ಲ. ಈ ಕಲ್ಲುಗಳು ಬಂಡಿಗೆ ಕೂದಲೆಳೆಯಷ್ಟೂ ತಪ್ಪದ ಅಳತೆಯವು, ಮದುವೆಯ ದಿನ ತಮ್ಮನ್ನು ಬಂಡಿಯಲ್ಲೇ ಒಳಗೆ ಕರೆತರುತ್ತೇನೆ ಎಂದು ಬೀಗಿತ್ತಿಗೆ ಭರವಸೆಯಿತ್ತೆ.

ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. ಮೊನ್ನೆ ಕೇಳಲು ಬಂದದ್ದನ್ನು ಈಗ ಎಲ್ಲರೆದುರು ಕೇಳಿದಳು.

“ಗಾಲಿ ಕಲ್ಲಿನ ಮ್ಯಾಲ ಹೋಗ್ತಾವ, ಖರೇ. ನಡುವ ಎತ್ತು ಎಲ್ಲಿ ಕಾಲಿಡಬೇಕ್ರಿ?”

ನಾನು ಮೋರಿಯನ್ನು ನೋಡಿದೆ. ಎತ್ತುಗಳ ವಿಷಯ ನನಗೆ ಹೊಳೆದೇ ಇರಲಿಲ್ಲ.

ಅಷ್ಟು ಹೊತ್ತು ಮುಖ ಬಿಗಿದುಕೊಂಡಿದ್ದ ಬೀಗಿತ್ತಿ ಆಗ ನಕ್ಕರು. ಕಲ್ಲಿನ ಮೇಲೆ ನಡೆದೇ ಒಳಗೆ ಬಂದು, ಗೌರಿಯನ್ನು ನೋಡಿ, ನನ್ನತ್ತ ತಿರುಗಿದರು.

“ಹುಡುಗಿ ತಾಯಿಯಂಗ ಇದ್ರ ನಮಗ ಒಪ್ಪಿಗಿ ಐತಿ. ಅಪ್ಪನಂಗ ಇಲ್ಲಲ್ರೀ?”

ಸಂಬಂಧ ಉಳಿಯಬೇಕಿತ್ತು. ಇಲ್ಲವೇ ಇಲ್ಲವೆಂದು ಕೊರಳ ಲಿಂಗ ಮುಟ್ಟಿ ಪ್ರಮಾಣ ಮಾಡಿದೆ.