ಚೆನ್ನಾಗಿರುವ ಕಂಪ್ಯೂಟರಿನ ಕಷ್ಟ

ಮನೆಯಲ್ಲಿ ಎಲ್ಲವೂ ಸರಿಯಾಗಿದ್ದರೆ ಅದೇ ಸುಖ ಎನ್ನುತ್ತಾರೆ. ಹಾಗೆನ್ನುವವರೆಲ್ಲ ಹೆಂಡತಿ, ಮಕ್ಕಳು, ಹೇಳದೆ ಕೇಳದೆ ಬಂದಿಳಿಯುವ ಭಾವಮೈದುನ ಇರುವವರು. ಜಯನಗರ ಏಳನೇ ಬ್ಲಾಕಿನ ಮಹಡಿ ಮನೆಯಲ್ಲಿ ಒಬ್ಬನೇ ಇರುವ ನನ್ನಂಥವನನ್ನು ಕೇಳಿ ನೋಡಿ. ನಲ್ಲಿ ಸೋರಿದರೆ ಪ್ಲಂಬರ್ ಬರುತ್ತಾನೆ, ಫೋನ್ ಸತ್ತರೆ ಲೈನ್‌ಮನ್ ಬರುತ್ತಾನೆ. ಎಲ್ಲವೂ ಸರಿಯಾಗಿದ್ದರೆ ಯಾರು ಬರುತ್ತಾರೆ? ಕೆಳಗಿನ ಮನೆಯ ಓನರಮ್ಮ ಮಂಗಳಮ್ಮನವರ ಪಮೇರಿಯನ್ ನಾಯಿ ಕೂಡ ನಾಲ್ಕು ಮೆಟ್ಟಿಲು ಹತ್ತಿ, ನನ್ನ ಮುಖ ನೋಡಿ ವಾಪಸ್ಸು ಹೋಗುತ್ತದೆ. ನನಗೆ ಐವತ್ತೊಂದು ವರ್ಷ. ಮದುವೆ ಯಾಕಾಗಲಿಲ್ಲ ಎಂದು ಕೇಳಬೇಡಿ. ಹೆಣ್ಣು ನೋಡಲು ಹೋದಲ್ಲೆಲ್ಲ ಉಪ್ಪಿಟ್ಟು ಚೆನ್ನಾಗಿರುತ್ತಿತ್ತು, ಜಾತಕ ಕೂಡುತ್ತಿರಲಿಲ್ಲ. ಹಾಗೇ ಉಪ್ಪಿಟ್ಟು ತಿಂದುಕೊಂಡು ವಯಸ್ಸು ದಾಟಿತು.

ನಾನು ಕೆಲಸ ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿದ ಮೇಲೆ ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಕೆಲಸ ಹಿಡಿದೆ. ಅದಕ್ಕಾಗಿ ಒಂದು ಕಂಪ್ಯೂಟರ್ ಬಂತು. ಹಿಂದೆ ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ಇದ್ದ ಕೋಣೆಗೆ ಹೋಗಬೇಕಾದರೆ ಗರ್ಭಗುಡಿಗೆ ಹೋದ ಹಾಗೆ ಚಪ್ಪಲಿ ಹೊರಗೆ ಬಿಡಬೇಕಿತ್ತು. ಒಳಗೆ ಏಸಿಯ ತಂಪಿನಲ್ಲಿ ಅದು ಕೂತಿರುತ್ತಿತ್ತು, ಹೊರಗೆ ನಾವು ಬೆವರುತ್ತಿದ್ದೆವು. ಆ ಭಯಭಕ್ತಿ ನನ್ನನ್ನು ಬಿಟ್ಟಿರಲಿಲ್ಲ. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಅಕ್ಷತೆಯನ್ನು ಧಾರಾಳವಾಗಿಯೇ ಎರಚಿದೆ. ಮಾರನೆಯ ದಿನ ಅದು ಫ್ಲಾಪಿಯನ್ನು ಒಳಗೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಅಂಗಡಿಗೆ ಫೋನ್ ಮಾಡಿದೆ. ವರ್ಷವಿಡೀ ರಿಪೇರಿ ಮಾಡಿಕೊಡುವ ಕರಾರು ಇದ್ದುದರಿಂದ ಅವರು ಶಿವಾನಂದ ಎನ್ನುವವರನ್ನು ಕಳಿಸಿದರು.

ಶಿವಾನಂದರಿಗೆ ನಲವತ್ತೈದರ ಆಸುಪಾಸು. ಗದಗದ ಕಡೆಯವರು. ಅಲ್ಲಿ ರೇಡಿಯೋ ರಿಪೇರಿ ಮಾಡಿ, ಆಮೇಲೆ ಟೀವಿ ರಿಪೇರಿ ಮಾಡಿ, ಈಗ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಿಟಿಎಂ ಲೇಔಟಿನ ಒಂದು ರೂಮಿನಲ್ಲಿ ಇನ್ನು ಮೂವರ ಜೊತೆ ಇದ್ದರು. ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿದ್ದಕ್ಕೆ ಮಂಗಳಮ್ಮನವರಿಂದ ಬೈಸಿಕೊಂಡೇ ಮೇಲೆ ಬಂದರು. ಪೆಟ್ಟಿಗೆ ಬಿಚ್ಚಿ, ಬಣ್ಣ ಹಚ್ಚುವ ಬ್ರಷ್ಷಿನಿಂದ ಧೂಳು ಹೊಡೆದು, ಫ್ಲಾಪಿ ತೂರಿಸುವ ಸಂದಿಯಿಂದ ಎರಡು ಅಕ್ಕಿ ಕಾಳು ಹೆಕ್ಕಿ ನನ್ನ ಅಂಗೈಗೆ ಹಾಕಿದರು. "ಸರ್, ಕುಂಕುಮ ಹಚ್ರಿ, ಹೂವು ಏರಸ್ರಿ, ಬ್ಯಾಡ ಅನ್ನಂಗಿಲ್ಲ. ಉಣ್ಣಾಕ ಮಾತ್ರ ಹಾಕಬ್ಯಾಡ್ರಿ" ಅಂದರು.

ನಾನು ಬಿದ್ದು ಬಿದ್ದು ನಕ್ಕೆ. ಎರಡು ಸಲ ಕಾಫಿ ಆಯಿತು. ಬೆಂಗಳೂರಿನ ಹೋಟೆಲಿನವರು ತಟ್ಟುವ ಜೋಳದ ರೊಟ್ಟಿಯ ಬಗ್ಗೆ ಅವರು ತಮ್ಮ ಸಂಕಟ ತೋಡಿಕೊಂಡರು, ಕಾಗುಣಿತ ಬಾರದ ಲೇಖಕರ ಬಗ್ಗೆ ನಾನು ನನ್ನದನ್ನು ತೋಡಿಕೊಂಡೆ. ಅವರು ಹೋದ ಮೇಲೆ ಗಂಟಲು ಯಾಕೋ ನೋಯುತ್ತಿತ್ತು. ನೆಗಡಿಯೇನೋ ಅಂದುಕೊಂಡು ಉಪ್ಪುನೀರು ಕಾಯಿಸಲು ಇಟ್ಟ ಮೇಲೆ ಹೊಳೆಯಿತು. ಅಷ್ಟು ಹೊತ್ತು ಮಾತಾಡಿ ತಿಂಗಳುಗಳೇ ಆಗಿದ್ದವು.

ಆದರೆ ಶಿವಾನಂದರಲ್ಲಿ ಒಂದು ದೊಡ್ಡ ದೋಷವಿತ್ತು. ಅವರು ಪ್ರಾಮಾಣಿಕರು. ಹೊರಡುವ ಮೊದಲು ಕಂಪ್ಯೂಟರ್ ಚುರುಕಾಗಿರಲು ಏನೇನು ಮಾಡಬೇಕೆಂದು ಎಲ್ಲವನ್ನೂ ನನಗೆ ಹೇಳಿಕೊಟ್ಟರು. ಬೇಡದ ಫೈಲುಗಳನ್ನು ಅಳಿಸಬೇಕು, ಕಸದ ಬುಟ್ಟಿ ಖಾಲಿ ಮಾಡಬೇಕು, ವಾರಕ್ಕೊಮ್ಮೆ ವೈರಸ್ ಹುಡುಕಬೇಕು, ತಿಂಗಳಿಗೊಮ್ಮೆ ಡಿಫ್ರಾಗ್ ಮಾಡಬೇಕು. ಅಂದರೆ ಡಿಸ್ಕಿನಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವುದನ್ನೆಲ್ಲ ಅದೇ ಒಂದು ಕಡೆ ಜೋಡಿಸಿಕೊಳ್ಳುತ್ತದೆ. "ಇಷ್ಟ್ ಮಾಡ್ರಿ ಸರ್, ನಾ ಬರೂ ಪ್ರಸಂಗನ ಬರಂಗಿಲ್ಲ" ಅಂದರು, ವರ ಕೊಡುವವರ ಹಾಗೆ.

ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವುದು ನನ್ನ ಹುಟ್ಟುಗುಣ. ತಿಂಗಳಿಗೊಮ್ಮೆ ಮಾಡಬೇಕಾದ್ದನ್ನು ನಾನು ಪ್ರತಿ ಭಾನುವಾರ ಮಾಡಿದೆ. ಡಿಫ್ರಾಗ್ ನಡೆಯುವಾಗ ಪರದೆಯ ಮೇಲೆ ಬಣ್ಣದ ಚೌಕಗಳು ಒಂದೊಂದಾಗಿ ಎದ್ದು ಹೋಗಿ ತಮ್ಮ ಜಾಗದಲ್ಲಿ ಕೂರುತ್ತವೆ. ಊಟ ಮಾಡಿ ಕುರ್ಚಿ ಎಳೆದುಕೊಂಡು ಕೂತರೆ ಕಾಫಿ ಹೊತ್ತಿನವರೆಗೂ ನೋಡುತ್ತಿದ್ದೆ. ನಡುವೆ ಏನನ್ನಾದರೂ ಮುಟ್ಟಿದರೆ ಅದು ಮತ್ತೆ ಮೊದಲಿನಿಂದ ಶುರುಮಾಡುತ್ತಿತ್ತು. ಒಂದೊಂದು ಸಲ ಬೇಕೆಂದೇ ಮುಟ್ಟುತ್ತಿದ್ದೆ. ನನ್ನ ಮನೆಯೊಳಗೆ ನನ್ನನ್ನು ಬಿಟ್ಟು ಇನ್ನೇನೋ ಒಂದು ಓಡಾಡುವುದು ಕಾಣುವುದೇ ಹಿತವಾಗಿತ್ತು. ಇಷ್ಟೆಲ್ಲ ಉಪಚಾರ ಆದ ಮೇಲೆ ಕಂಪ್ಯೂಟರ್ ಕೆಡುವುದು ಹೇಗೆ? ಸ್ವಿಚ್ ಒತ್ತಿ ಕನ್ನಡಕ ಒರೆಸಿಕೊಳ್ಳುವುದರೊಳಗೆ ಸಿದ್ಧವಾಗಿರುತ್ತಿತ್ತು. ನಾಲ್ಕು ತಿಂಗಳು ನನ್ನ ಮೆಟ್ಟಿಲನ್ನು ಯಾರೂ ಹತ್ತಲಿಲ್ಲ.

ಕೊನೆಗೆ ಸುಳ್ಳು ಹೇಳಿದೆ. "ತುಂಬ ಸ್ಲೋ ಆಗಿದೆ" ಅಂತ ಫೋನ್ ಮಾಡಿದೆ. ಶಿವಾನಂದರು ಬಂದು ನೋಡಿ, "ಎಲ್ಲಿ ಸ್ಲೋ ಐತ್ರಿ ಸರ್? ಕುದುರಿ ಓಡಿದಂಗ ಓಡಾಕತ್ತೈತಿ" ಅಂದರು. "ಬೆಳಿಗ್ಗೆ ಸ್ಲೋ ಇತ್ತು" ಅಂದೆ. ಸ್ಕೂಲಿನ ಹೊತ್ತಿಗೆ ಬರುವ ಹೊಟ್ಟೆನೋವಿನ ಹಾಗೆ! ಕಾಫಿ ಕುಡಿಯುವಷ್ಟು ಹೊತ್ತು ಕೂತು ಹೋದರು. ನನಗೆ ಮಾನ ಹೋದ ಹಾಗಾಯಿತು. ಇನ್ನು ಸುಳ್ಳು ಹೇಳಬಾರದು, ಕಂಪ್ಯೂಟರನ್ನೇ ನಿಜವಾಗಿ ಕೆಡಿಸಬೇಕು ಎಂದು ನಿಶ್ಚಯಿಸಿದೆ.

ಕೆಡಿಸುವುದೂ ಶ್ರದ್ಧೆ ಬೇಡುವ ಕೆಲಸ. ಪತ್ರಿಕೆಗಳ ಜೊತೆ ಪುಕ್ಕಟೆ ಬರುವ ಸೀಡಿಗಳನ್ನು ತಂದು ಅವುಗಳಲ್ಲಿದ್ದುದನ್ನೆಲ್ಲ ತುಂಬಿದೆ. ಈಜುವ ಮೀನು, ಕುಣಿಯುವ ಬೆಕ್ಕು, ಹದಿನಾರು ದೇಶಗಳ ಗಡಿಯಾರ, ಎಲ್ಲವೂ ಸ್ವಿಚ್ ಒತ್ತಿದ ಕೂಡಲೇ ಏಳುವ ಹಾಗೆ ಮಾಡಿದೆ. ವೈರಸ್ ಹಿಡಿಯುವ ಎರಡು ಪ್ರೋಗ್ರಾಮುಗಳನ್ನು ಒಟ್ಟಿಗೆ ಹಾಕಿದೆ. ಅವು ವೈರಸ್ ಬಿಟ್ಟು ಒಂದೇ ಅಡುಗೆಮನೆಯ ಓರಗಿತ್ತಿಯರಂತೆ ಒಂದನ್ನೊಂದು ಹಿಡಿದುಕೊಂಡವು. ಈಗ ಸ್ವಿಚ್ ಒತ್ತಿದರೆ ಅದು ಸಿದ್ಧವಾಗುವುದರೊಳಗೆ ಅರ್ಧ ಕೆಜಿ ಅವರೆಕಾಯಿ ಸುಲಿಯಬಹುದಿತ್ತು. ಹೆಮ್ಮೆಯಿಂದ ಫೋನ್ ಮಾಡಿದೆ.

ಶಿವಾನಂದರು ಬಂದು ಪರದೆ ನೋಡಿದರು. ಬೆಕ್ಕು ಕುಣಿಯುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ, "ಈ ಪರಿ ಯಾರ್ ತುಂಬ್ಯಾರ್ರಿ ಸರ್ ಇದರಾಗ?" ಎಂದು ಕೇಳಿದರು. ನನ್ನ ಬಾಯಿಂದ, "ಕೆಳಗಡೆ ಮನೆ ಮಗು ಒಂದು ಬರುತ್ತೆ... ಆಟ ಆಡುತ್ತೆ" ಎಂದು ಬಂದುಬಿಟ್ಟಿತು. ಕೆಳಗಡೆ ಮನೆಯಲ್ಲಿರುವುದು ಎಪ್ಪತ್ತು ದಾಟಿದ ಮಂಗಳಮ್ಮ ಮತ್ತು ನಾಯಿ ಎಂದು, ಬಂದಾಗಲೆಲ್ಲ ಅವರಿಂದ ಬೈಸಿಕೊಳ್ಳುವ ಶಿವಾನಂದರಿಗೆ ಗೊತ್ತಿಲ್ಲವೇ? ಅವರು ಮೀನು, ಬೆಕ್ಕು, ಗಡಿಯಾರಗಳನ್ನೆಲ್ಲ ಒಂದೊಂದಾಗಿ ತೆಗೆದು ಹಾಕಿದರು. ಇಡೀ ಮಧ್ಯಾಹ್ನ ಹಿಡಿಯಿತು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದರು: "ಆ ಕೂಸಿಗೆ ಹೇಳ್ರಿ ಸರ್. ಕಂಪ್ಯೂಟರ್ ಕೆಡಸೂದು ಬ್ಯಾಡ. ರವಿವಾರ ನಾ ಖಾಲಿನ ಇರ್ತೀನಿ. ರೂಮಿನ್ಯಾಗ ಕುಂತು ನನಗೂ ಬ್ಯಾಸರ ಬಂದೈತಿ. ಕರದ್ರ ಬರ್ತೀನಿ." ಮೊಬೈಲ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟು ಇಳಿದುಹೋದರು.

ಕೂಸಿಗೆ ಹೇಳಿದೆ. ಕೂಸಿಗೆ ಎಷ್ಟು ನಾಚಿಕೆಯಾಯಿತೆಂದರೆ ಎರಡು ಭಾನುವಾರ ಫೋನಿನ ಹತ್ತಿರವೇ ಸುಳಿಯಲಿಲ್ಲ. ಕಂಪ್ಯೂಟರ್ ಕೆಟ್ಟಿದೆ ಎಂದು ಕರೆಯುವುದು ಸುಲಭ. ಏನೂ ಕೆಟ್ಟಿಲ್ಲ, ಸುಮ್ಮನೆ ಬನ್ನಿ ಎಂದು ಒಬ್ಬ ಮನುಷ್ಯನನ್ನು ಕರೆಯಲು ನನಗೆ ಅಭ್ಯಾಸವೇ ಇರಲಿಲ್ಲ. ಮೂರನೆಯ ಭಾನುವಾರ ಆ ಮಾತನ್ನೇ ನಾಲ್ಕು ಸಲ ಗಟ್ಟಿಯಾಗಿ ಹೇಳಿ ನೋಡಿಕೊಂಡು ನಂಬರ್ ಒತ್ತಿದೆ. "ಹೇಳ್ರಿ ಸರ್, ಏನ್ ಕೆಟ್ಟೈತಿ?" ಅಂದರು. "ಮೌಸ್..." ಅಂದೆ.

"ಮೌಸ್ ಅಂದ್ರ ಇಡೀ ದಿನದ ಕೆಲಸ ಐತ್ರಿ ಸರ್. ಊಟಕ್ಕ ಏನ್ ಮಾಡೀರಿ?" ಎಂದು ಕೇಳಿದರು.

ಹುಳಿಗೆ ಇನ್ನೊಂದು ಹಿಡಿ ಬೇಳೆ ಹಾಕಿದೆ. ಮೌಸ್ ಚೆನ್ನಾಗಿಯೇ ಇತ್ತು. ಅವರು ಬರುವುದರೊಳಗೆ ಅದರ ಹೊಟ್ಟೆ ಬಿಚ್ಚಿ, ಅದು ಓಡಾಡಲು ಬೇಕೇ ಬೇಕಾದ ಒಳಗಿನ ರಬ್ಬರ್ ಗುಂಡನ್ನು ತೆಗೆದು ಬಚ್ಚಿಟ್ಟೆ, ಮಾತಿಗೆ ತಪ್ಪಬಾರದಲ್ಲ. ಶಿವಾನಂದರು ಬಂದರು, ಉಂಡರು, ಸಂಜೆಯವರೆಗೆ ಹರಟಿದರು, ಮೌಸಿನ ಮಾತೇ ಎತ್ತದೆ ಹೋದರು. ಈಗ ಆ ಗುಂಡನ್ನು ಎಲ್ಲಿ ಇಟ್ಟೆನೆಂದು ಎಷ್ಟು ತಿಣುಕಿದರೂ ನೆನಪಾಗುತ್ತಿಲ್ಲ. ಮುಂದಿನ ಭಾನುವಾರ ಅವರಿಗೆ ಫೋನ್ ಮಾಡಲು, ದೇವರ ದಯೆಯಿಂದ, ನನ್ನ ಹತ್ತಿರ ಒಂದು ನಿಜವಾದ ಕಾರಣ ಇದೆ.