ಕಂಪ್ಯೂಟರ್ ಕೋಣೆಗೆ ಬಂದ ಪಿ.ಟಿ. ಮೇಡಂ

ಬರುವ ಕೆಲಸಕ್ಕೆ ನೇಮಕವಾಗುವವರು ಊರ ತುಂಬ ಇದ್ದಾರೆ. ಬಾರದ ಕೆಲಸಕ್ಕೆ, ಅದು ಬಾರದು ಎಂಬ ಒಂದೇ ಅರ್ಹತೆಯ ಮೇಲೆ ನೇಮಕವಾದವಳು ನನಗೆ ತಿಳಿದಮಟ್ಟಿಗೆ ನಾನೊಬ್ಬಳೇ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ನಾನು ಹೈದರಾಬಾದಿನ ಉಪ್ಪಲ್ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್. ನನ್ನ ಆಸ್ತಿಯೆಂದರೆ ಕೊರಳಲ್ಲೊಂದು ವಿಸಿಲ್, ಸೀರೆಯ ಕೆಳಗೆ ಬಿಳಿ ಬೂಟು, ಮತ್ತು ಗದಗದ ನೀರು ಕುಡಿದು ಬೆಳೆದ ಗಂಟಲು. ಆ ಗಂಟಲಿನ ಬಗ್ಗೆ ಗಣಿತದ ಟೀಚರ್ ಒಮ್ಮೆ ದೂರು ಕೊಟ್ಟಿದ್ದರು. ನಾನು ಮೈದಾನದಲ್ಲಿ ಎಡಕ್ಕೆ ತಿರುಗಿ ಎಂದರೆ ಮೂರನೇ ಮಹಡಿಯಲ್ಲಿ ಅವರ ತರಗತಿಯೂ ತಿರುಗುತ್ತದಂತೆ.

ಅವು ಊರಿಗೆ ಊರೇ ಕಂಪ್ಯೂಟರ್ ಹಿಂದೆ ಓಡುತ್ತಿದ್ದ ವರ್ಷಗಳು. ಕರೆಂಟು ಕಂಬ ಕಂಡಲ್ಲೆಲ್ಲ ಕೋರ್ಸಿನ ಬೋರ್ಡು. ನಮ್ಮ ಶಾಲೆಯವರೂ ಕಂಪ್ಯೂಟರ್ ತಂದು, ಒಂದು ಕೋಣೆಗೆ ಏಸಿ ಹಾಕಿಸಿ, ಪರದೆ ಕಟ್ಟಿಸಿದರು. ಎಲ್ಲ ಬಂತು, ಕಲಿಸುವವರು ಮಾತ್ರ ನಿಲ್ಲಲಿಲ್ಲ. ಮೊದಲು ಬಂದವಳು ದಸರಾ ರಜೆಗೆ ಹೋದವಳು ಯಾವುದೋ ಕಂಪನಿ ಸೇರಿದಳು. ಎರಡನೆಯವಳು ಮೌಸ್ ಹಿಡಿಯುವುದು ಹೇಗೆಂದು ಹೇಳಿಕೊಡುತ್ತಿದ್ದಾಗ ಆಫೀಸಿಗೆ ಅವಳ ಹೆಸರಿಗೆ ಫೋನ್ ಬಂತು. ಮಾತಾಡಲು ಹೋದವಳು ಮರಳಿ ಬರಲೇ ಇಲ್ಲ. ಅವಳ ಊಟದ ಡಬ್ಬಿಯಲ್ಲಿ ನಾವು ಈಗ ಸೀಮೆಸುಣ್ಣ ಇಡುತ್ತೇವೆ. ಮೂರನೆಯವಳನ್ನು ಸಂದರ್ಶನದಲ್ಲೇ, ನೀನು ಯಾವಾಗ ಬಿಟ್ಟು ಹೋಗುತ್ತೀ ಎಂದು ಕೇಳಿದರು. ಅವಳು ಪ್ರಾಮಾಣಿಕಳಾಗಿದ್ದರಿಂದ ಕೆಲಸ ಸಿಗಲಿಲ್ಲ.

ಒಂದು ದಿನ ಪ್ರಿನ್ಸಿಪಾಲ್ ಮೇಡಂ ನನ್ನನ್ನು ಕರೆಸಿದರು. ಅವರ ಹಿರಿಯರು ಕೊಪ್ಪಳದ ಕಡೆಯವರು. ಬಾಗಿಲು ಹಾಕಿದ್ದರೆ ನಾವಿಬ್ಬರೂ ಕನ್ನಡದಲ್ಲೇ ಮಾತಾಡುವುದು.

"ಶಕುಂತಲಾ, ನಿಮಗ ಕಂಪ್ಯೂಟರ್ ಬರ್ತೈತೇನ್ರಿ?"

"ಇಲ್ರಿ ಮೇಡಂ."

"ಸ್ವಲ್ಪರ?"

"ಬಿಲ್ಕುಲ್ ಇಲ್ರಿ. ಮನ್ಯಾಗ ಟೀವಿ ರಿಮೋಟ್ ಸುದ್ದಾ ನಮ್ಮ ಅತ್ತಿ ಕೈಯಾಗ ಇರ್ತೈತಿ."

"ಬರೋಬರಿ ಆತು. ನಾಳಿಂದ ಕಂಪ್ಯೂಟರ್ ರೂಮ್ ನಿಮ್ದು. ಬರೋವ್ರು ಯಾರೂ ನಿಲ್ಲವಲ್ರು. ನಿಮ್ಮನ್ನ ಯಾವ ಕಂಪನಿಯವ್ರು ಕರೀತಾರ, ನೀವ ಹೇಳ್ರಿ?"

ನಾನು ಯೋಚಿಸಿದೆ. ನಿಜವಾಗಿಯೂ ಯಾರೂ ಕರೆಯುವಂತಿರಲಿಲ್ಲ.

ಪಠ್ಯಪುಸ್ತಕವನ್ನು ಮನೆಗೆ ತಂದು ಹಾಳೆ ತಿರುಗಿಸಿದೆ. ಪ್ರತಿ ಪಾಠವೂ ಕಂಪ್ಯೂಟರನ್ನು ಚಾಲೂ ಮಾಡಿ ಎಂದೇ ಶುರುವಾಗುತ್ತಿತ್ತು. ಕೊನೆಯದೊಂದು ಮಾತ್ರ ಹಾಗಿರಲಿಲ್ಲ. ಕಂಪ್ಯೂಟರ್ ಮತ್ತು ಇಂಟರ್‌ನೆಟ್ಟನ್ನು ಜವಾಬ್ದಾರಿಯಿಂದ ಬಳಸುವುದು ಹೇಗೆ ಎಂಬ ಪಾಠ ಅದು. ಬರೀ ನಿಯಮಗಳು. ಯಂತ್ರ ಮುಟ್ಟುವ ಅಗತ್ಯವೇ ಇಲ್ಲ. ನಾನು ಅಲ್ಲಿಂದ ಶುರು ಮಾಡಿದೆ, ಅಲ್ಲೇ ನಿಂತೆ. ಹುಡುಗಿಯರು ಬೂಟು ಬಿಚ್ಚಿ ಸಾಲಾಗಿ ಬಂದು ಕಂಪ್ಯೂಟರಿನ ಮುಂದೆ ನಿಲ್ಲಬೇಕು. ನಾನು ವಿಸಿಲ್ ಊದಿದರೆ ಕೈ ಮುಂದಕ್ಕೆ, ಒಂದನೇ ನಿಯಮ: ಬೇರೆಯವರ ಫೈಲು ಮುಟ್ಟಬಾರದು. ಮತ್ತೆ ಊದಿದರೆ ಕೈ ಮೇಲಕ್ಕೆ, ಎರಡನೇ ನಿಯಮ: ಪಾಸ್‌ವರ್ಡ್ ಯಾರಿಗೂ ಹೇಳಬಾರದು. ಮೂರನೆಯದಕ್ಕೆ ಕೈ ಪಕ್ಕಕ್ಕೆ: ಕಂಡದ್ದನ್ನೆಲ್ಲ ನಂಬಬಾರದು. ನಾಲ್ಕನೆಯದಕ್ಕೆ ಸೊಂಟದ ಮೇಲೆ ಕೈ: ಅಪರಿಚಿತರಿಗೆ ನಮ್ಮ ಹೆಸರು, ಮನೆ, ಶಾಲೆ ಯಾವುದನ್ನೂ ತಿಳಿಸಬಾರದು. ಹೊರಗೆ ನಿಂತು ಕೇಳಿದ ಪ್ರಿನ್ಸಿಪಾಲರು, ಈ ಶಾಲೆಯಲ್ಲಿ ಕಂಪ್ಯೂಟರನ್ನು ಇಷ್ಟು ಜವಾಬ್ದಾರಿಯಿಂದ ಯಾರೂ ಬಳಸಿರಲಿಲ್ಲ ಎಂದರು. ಅದು ನಿಜ. ಆ ಅವಧಿಯಲ್ಲಿ ಒಂದನ್ನೂ ಚಾಲೂ ಮಾಡಿರಲಿಲ್ಲ.

ಅಷ್ಟರಲ್ಲಿ ಶಾಲೆಗೆ ಇಂಟರ್‌ನೆಟ್ ಬಂತು. ಆಫೀಸಿನ ಫೋನಿನ ತಂತಿಯಲ್ಲೇ ಬಂತಾದ್ದರಿಂದ ಇಂಟರ್‌ನೆಟ್ ಇದ್ದಾಗ ಫೋನ್ ಇಲ್ಲ, ಫೋನ್ ಇದ್ದಾಗ ಇಂಟರ್‌ನೆಟ್ ಇಲ್ಲ. ಆದರೂ ಒಂಬತ್ತನೇ ತರಗತಿಯವರು, "ಮೇಡಂ, ಚಾಟ್ ಅಂದರೇನು?" ಎಂದು ಕೇಳಿದರು. ಅದಕ್ಕೊಂದು ನಿಯಮ ಇದೆ ಎಂದಷ್ಟೇ ಹೇಳಿ ಪಾರಾದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡ ರೀತಿ ನನಗೆ ಸರಿಬರಲಿಲ್ಲ. ಕಲಿಯಲೇಬೇಕು ಎಂದುಕೊಂಡೆ.

ನಮ್ಮ ಮನೆಯಲ್ಲಿ ಕಂಪ್ಯೂಟರ್ ವಿಷಯಕ್ಕೆ ಅಧಿಕಾರಿ ಎಂದರೆ ನನ್ನ ಗಂಡ. ಅವರು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಸ್ಟೋರಿನಲ್ಲಿದ್ದಾರೆ. ಅಲ್ಲೊಂದು ಕಂಪ್ಯೂಟರ್ ಇದೆ. ಸಂಜೆ ಅದಕ್ಕೆ ಬಟ್ಟೆಯ ಗವುಸು ಹೊದಿಸುವ ಜವಾಬ್ದಾರಿ ಇವರದು. ಆ ಅನುಭವದ ಬಲದ ಮೇಲೆ ಭಾನುವಾರ ನನ್ನನ್ನು ನಮ್ಮ ಬೀದಿಯ ಇಂಟರ್‌ನೆಟ್ ಸೆಂಟರಿಗೆ ಕರೆದುಕೊಂಡು ಹೋದರು. ಪ್ಲೈವುಡ್ಡಿನ ಗೂಡುಗಳು, ಒಂದೊಂದಕ್ಕೂ ಪರದೆ. ನಾವಿಬ್ಬರೂ ಒಂದರಲ್ಲಿ ಕುಳಿತ ಕೂಡಲೇ ಅಂಗಡಿಯವನು ಬಂದು ಪರದೆಯನ್ನು ಎತ್ತಿ ಕಟ್ಟಿ, "ಇದು ಫ್ಯಾಮಿಲಿ ಸೆಂಟರ್, ಅಂಕಲ್" ಎಂದು ಹಿಂದಿಯಲ್ಲಿ ಎಚ್ಚರಿಸಿ ಹೋದ. ಮದುವೆಯಾಗಿ ಇಷ್ಟು ವರ್ಷವಾಗಿತ್ತು. ನಮ್ಮ ಬಗ್ಗೆ ಯಾರೂ ಅಂಥ ಒಳ್ಳೆಯ ಸಂಶಯಪಟ್ಟಿರಲಿಲ್ಲ.

ಹೈದರಾಬಾದ್ ಎಂಬ ಹೆಸರಿನ ಚಾಟಿನ ಕೋಣೆಯೊಂದು ತೆರೆಯಿತು. ನಾನು ನಮಸ್ಕಾರ ಎಂದು ಒತ್ತಿ ಮುಗಿಸುವ ಮೊದಲೇ ಕೂಲ್ ಕಿರಣ್ ಎಂಬಾತ ಮಾತಿಗೆ ಬಂದ. ತಾನು ಕೂಕಟ್‌ಪಲ್ಲಿಯಲ್ಲಿರುವ ಸಾಫ್ಟ್‌ವೇರ್ ಇಂಜಿನಿಯರ್ ಎಂದ. ಆಮೇಲೆ ಇಂಗ್ಲಿಷಿನ ಮೂರೇ ಅಕ್ಷರ ಬರೆದ: ಎ, ಎಸ್, ಎಲ್.

"ಏನ್ ಕೇಳಾಕತ್ತಾನ್ರೀ ಇವ?" ಎಂದೆ.

ಗಂಡ ಕನ್ನಡಕ ಸರಿಮಾಡಿಕೊಂಡರು. "ಅಸಲ್ ಅಂತ ಬರದಾನ. ಉರ್ದು. ನೀ ಅಸಲೀನೋ ನಕಲೀನೋ ಅಂತ ಕೇಳಾಕತ್ತಾನ."

ಅದು ವಯಸ್ಸೆಷ್ಟು, ಹೆಣ್ಣೋ ಗಂಡೋ, ಊರು ಯಾವುದು ಎಂಬುದರ ಚುಟುಕು ರೂಪವೆಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನನಗೆ ಬೇಸರವಾಯಿತು. ಮರ್ಯಾದಸ್ಥ ಹೆಂಗಸನ್ನು ಹೀಗೆ ಕೇಳುವುದೇ? ಅಸಲಿ ಎಂದು ತೋರಿಸಿಬಿಡಬೇಕೆಂದು ನನ್ನ ಹೆಸರು, ಗಂಡನ ಹೆಸರು, ಅವರ ಕಾರ್ಖಾನೆ, ನಮ್ಮ ಬೀದಿ, ಮನೆ ನಂಬರು, ಯಾವ ಶಾಲೆಯಲ್ಲಿ ಯಾವ ವಿಷಯ ಕಲಿಸುತ್ತೇನೆ ಎಂಬುದನ್ನೆಲ್ಲ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿದೆ. ತವರು ಗದಗ ಎಂದೂ ಸೇರಿಸಿದೆ. ಗಂಡ ಪಕ್ಕದಲ್ಲಿ ಕಾಗುಣಿತ ತಿದ್ದುತ್ತಿದ್ದರು.

ಆ ಕಡೆಯಿಂದ ಒಂದೇ ಸಾಲು ಬಂತು. "ಮೇಡಂ, ನಾಲ್ಕನೇ ನಿಯಮ." ಮರುಕ್ಷಣ ಕೂಲ್ ಕಿರಣ್ ಹೊರಟುಹೋದ.

ಗಂಡ ಎರಡು ಸಲ ಓದಿ, "ಯಾರಿವ?" ಎಂದರು.

"ನಮ್ಮ ಸಾಲಿ ಹುಡುಗಿ" ಎಂದೆ.

"ಇಂಜಿನಿಯರ್ ಅಂದ್ನಲ್ಲ?"

ನನಗೆ ಮೂರನೇ ನಿಯಮ ನೆನಪಾಯಿತು: ಕಂಡದ್ದನ್ನೆಲ್ಲ ನಂಬಬಾರದು.

ಸೋಮವಾರ ಒಂಬತ್ತನೇ ತರಗತಿ ಸಾಲಾಗಿ ಬಂದು ನಿಂತಿತು. ಒಂದೊಂದು ಮುಖವನ್ನೂ ನೋಡಿದೆ. ಎಲ್ಲವೂ ತೊಳೆದಿಟ್ಟ ತಟ್ಟೆಯಂತಿದ್ದವು. ಯಾರೆಂದು ಕೇಳುವ ಹಾಗಿಲ್ಲ. ಕೇಳಿದರೆ ಏನು ನಡೆಯಿತೆಂದು ಹೇಳಬೇಕು. ಸುಮ್ಮನಿರುವ ಹಾಗೂ ಇಲ್ಲ. ನನ್ನ ಕೈಕೆಳಗಿನ ಹುಡುಗಿಯೊಬ್ಬಳು ಗಂಡಸಿನ ಹೆಸರಿಟ್ಟುಕೊಂಡು ಅಲ್ಲಿ ಓಡಾಡುತ್ತಿದ್ದಾಳೆ. ಅವಳನ್ನು ಮಾತಾಡಿಸುವವರು ಯಾರು ಯಾರೋ. ಮೂರು ನಿಯಮ ಮುಗಿಸಿ ನಾಲ್ಕನೆಯದಕ್ಕೆ ವಿಸಿಲ್ ಬಾಯಿಗಿಟ್ಟೆ. ಊದಲು ಆಗಲಿಲ್ಲ. ಎಲ್ಲರನ್ನೂ ಕೂರಿಸಿ, ಭಾನುವಾರ ನಾನು ಗುರುತಿಲ್ಲದವರೊಬ್ಬರಿಗೆ ಮನೆ ವಿಳಾಸ ಕೊಟ್ಟು ಬಂದೆ, ಕೊಡುವಾಗ ಅದು ತಪ್ಪು ಅಂತ ಒಮ್ಮೆಯೂ ಅನ್ನಿಸಲಿಲ್ಲ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಯಾರೂ ನಗಲಿಲ್ಲ. ಒಬ್ಬಳು ಮಾತ್ರ, "ಯಾವ ಸೆಂಟರ್ ಮೇಡಂ? ಗಂಟೆಗೆ ಎಷ್ಟು?" ಎಂದು ಕೇಳಿದಳು.

ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ಸೌಮ್ಯ ಎಂಬ ಹುಡುಗಿ ಬೂಟಿನ ದಾರ ಕಟ್ಟುತ್ತ ಕುಳಿತೇ ಇದ್ದಳು. ಅವಳ ಬೂಟಿಗೆ ದಾರವೇ ಇರಲಿಲ್ಲ. ನಾನು ಪಕ್ಕದಲ್ಲಿ ಕುಳಿತೆ. ಅವಳು ತೆಲುಗಿನಲ್ಲಿ ತಡೆತಡೆದು ಹೇಳಿದಳು. "ಮೇಡಂ, ಕಿರಣ್ ನಾನಲ್ಲ. ಆದರೆ ನಾನೂ ಒಬ್ಬನಿಗೆ ಎಲ್ಲ ಹೇಳಿದ್ದೀನಿ." ಆತನ ಹೆಸರು ವಿಕ್ಕಿಯಂತೆ, ಕಾಲೇಜು ಹುಡುಗನಂತೆ. ಬರುವ ಭಾನುವಾರ ಅಬಿಡ್ಸ್‌ನಲ್ಲಿ ಹಳೆ ಪುಸ್ತಕ ಮಾರುವ ಫುಟ್‌ಪಾತಿಗೆ ಒಬ್ಬಳೇ ಬಾ, ಹಳದಿ ಅಂಗಿ ಹಾಕಿರುತ್ತೇನೆ ಎಂದಿದ್ದಾನೆ. ಬರದಿದ್ದರೆ ಶಾಲೆಯ ಗೇಟಿಗೆ ಬಂದು, ಅವಳು ಬರೆದದ್ದನ್ನೆಲ್ಲ ಎಲ್ಲರಿಗೂ ಓದಿ ಹೇಳುತ್ತಾನಂತೆ.

"ಏನು ಬರೆದಿದ್ದೆ?"

"ಕೆಟ್ಟದ್ದೇನೂ ಇಲ್ಲ ಮೇಡಂ. ಅಮ್ಮ ಅಪ್ಪ ದಿನಾ ಜಗಳ ಆಡ್ತಾರೆ ಅಂತ ಬರೆದಿದ್ದೆ. ಬೇರೆ ಯಾರಿಗೆ ಹೇಳಲಿ?"

ಅವಳು ಅಳುತ್ತಿದ್ದಳು. ನಾನು ಇಷ್ಟು ದಿನ ಇವಳ ಕೈ ಸೊಂಟದ ಮೇಲೆ ಸರಿಯಾಗಿ ಬಂದಿದೆಯೇ ಎಂದಷ್ಟೇ ನೋಡಿದ್ದೆ. ಅಮ್ಮನಿಗೆ ಹೇಳೋಣ ಎಂದೆ. ಹೊಡೆಯುತ್ತಾರೆ ಎಂದಳು. "ನಾನು ನಡುವೆ ನಿಲ್ಲುತ್ತೇನೆ. ಕಾಲೇಜಿನಲ್ಲಿ ಹಾಕಿ ತಂಡದ ಗೋಲ್‌ಕೀಪರ್ ಆಗಿದ್ದೆ" ಎಂದೆ.

ತಾಯಿ ಬ್ಯಾಂಕಿನಲ್ಲಿ ಕೆಲಸ ಮಾಡುವಾಕೆ. ಹೊಡೆಯಲಿಲ್ಲ. ಎಲ್ಲ ಕೇಳಿ, ಮಗಳ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದರು. ಪ್ರಿನ್ಸಿಪಾಲರು ಪೊಲೀಸರಿಗೆ ಫೋನ್ ಮಾಡಿ ನನ್ನನ್ನು ಕರೆದರು. "ನೋಡ್ರಿ, ಒಬ್ಬ ಕಾನ್‌ಸ್ಟೇಬಲ್ ಮಫ್ತಿಯಾಗ ಬರ್ತಾನ. ಹಳದಿ ಅಂಗಿಯವನ್ನ ಹಿಡೀಬೇಕಂತ ಹೇಳೇನಿ. ನೀವು ಅಂವ ಹೌದೋ ಅಲ್ಲೋ ಕೇಳಿ ವಿಸಿಲ್ ಊದ್ರಿ, ಸಾಕು. ಮುಂದಿಂದು ಅವ್ರು ನೋಡ್ಕೋತಾರ."

ಭಾನುವಾರ ಹುಡುಗಿಯನ್ನು ಮನೆಯಲ್ಲೇ ಬಿಟ್ಟು ಅವಳ ತಾಯಿ, ನಾನು, ನನ್ನ ಗಂಡ ಅಬಿಡ್ಸ್‌ಗೆ ಹೋದೆವು. ಅಂಗಡಿಗಳಿಗೆಲ್ಲ ಬಾಗಿಲು ಹಾಕಿತ್ತು, ಅವುಗಳ ಮುಂದಿನ ಫುಟ್‌ಪಾತಿನ ಉದ್ದಕ್ಕೂ ಚಾದರ ಹಾಸಿ ಹಳೆ ಪುಸ್ತಕ ಹರಡಿದ್ದರು. ಹಳದಿ ಅಂಗಿಯವನು ಬೇಗನೆ ಕಂಡ. ಕಾಲೇಜು ಹುಡುಗನಲ್ಲ. ಮೀಸೆಗೆ ಬಣ್ಣ ಹಚ್ಚಿದ, ಹೊಟ್ಟೆ ಬಂದ ಗಂಡಸು, ನಮ್ಮದೇ ಓರಗೆಯವನು. ಹತ್ತಿರ ಹೋಗಿ ಹಿಂದಿಯಲ್ಲಿ, "ನೀವೇನಾ ವಿಕ್ಕಿ?" ಎಂದೆ.

ಅವನು ಹಲ್ಲು ಬಿಟ್ಟು, "ತಾವು?" ಎಂದ.

"ಆ ಹುಡುಗಿಯ ಪಿ.ಟಿ. ಟೀಚರ್."

ಅವನು ಓಡಿದ. ನಾನು ವಿಸಿಲ್ ಊದಿದೆ.

ಇಲ್ಲಿ ಎರಡು ವಿಷಯಗಳನ್ನು ನಾವು ಮೊದಲೇ ಯೋಚಿಸಬೇಕಿತ್ತು. ಒಂದು, ಫುಟ್‌ಪಾತಿನಲ್ಲಿ ವಿಸಿಲ್ ಕೇಳಿದರೆ ಮಾರುವವರು ಮುನಿಸಿಪಾಲಿಟಿ ಗಾಡಿ ಬಂತೆಂದೇ ತಿಳಿಯುತ್ತಾರೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಷ್ಟೂ ಚಾದರಗಳು ಗಂಟಾಗಿ, ಗಂಟುಗಳೆಲ್ಲ ಹೆಗಲೇರಿ ಬೀದಿಯೇ ಓಡತೊಡಗಿತು. ಎರಡು, ನನ್ನ ಗಂಡ ಆ ದಿನ ಹಾಕಿಕೊಂಡಿದ್ದದ್ದೂ ಹಳದಿ ಅಂಗಿ. ಕಾನ್‌ಸ್ಟೇಬಲ್ ಹತ್ತಿರದಲ್ಲಿ ಸಿಕ್ಕ ಹಳದಿಯನ್ನು ಕಾಲರ್ ಸಮೇತ ಹಿಡಿದ. "ನಾನಲ್ರೀ, ನಾ ಸ್ಟೋರಿನ್ಯಾಗ ಅದೀನಿ!" ಎಂದು ಗಂಡ ಕೂಗಿದ್ದು ಕೇಳಿಸಿತು. ಕಾನ್‌ಸ್ಟೇಬಲ್‌ಗೆ ಕನ್ನಡ ಬರುತ್ತಿರಲಿಲ್ಲ.

ನಿಲ್ಲಲು ಪುರಸೊತ್ತಿರಲಿಲ್ಲ. ಸೀರೆ ಎತ್ತಿ ಕಟ್ಟಿ ಓಡಿದೆ. ಜೀವನದಲ್ಲಿ ನನಗೆ ಸರಿಯಾಗಿ ಬರುವ ಕೆಲಸ ಅದೊಂದೇ. ವಿಕ್ಕಿ ಎರಡನೇ ಗಲ್ಲಿಯ ತಿರುವಿನಲ್ಲಿ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಗೈಡುಗಳ ಗಂಟಿಗೆ ಎಡವಿ ಅದರ ಮೇಲೆಯೇ ಬಿದ್ದ. ಕಾಲೇಜಿನ ವಿದ್ಯೆಗೆ ಅವನು ಅಷ್ಟು ಹತ್ತಿರ ಬಂದದ್ದು ಅದೇ ಮೊದಲಿರಬೇಕು. ಪುಸ್ತಕದವರು ಸುತ್ತುಗಟ್ಟಿದರು. ಅವನು ಕೈ ಮುಗಿದು, "ಬಿಟ್ಟುಬಿಡಿ ಅಮ್ಮಾ, ನನಗೂ ಹೆಣ್ಣುಮಕ್ಕಳಿದ್ದಾರೆ" ಎಂದ. ಆ ಮಾತು ಆಡಬಾರದಿತ್ತು. ನನ್ನ ಹಿಂದೆಯೇ ಓಡಿ ಬಂದಿದ್ದ ಸೌಮ್ಯಳ ತಾಯಿ ಮುಂದೆ ಬಂದು ತಮ್ಮ ಕೈಚೀಲದಿಂದ ಅವನಿಗೆ ಒಂದೇ ಒಂದು ಏಟು ಕೊಟ್ಟರು. ನನ್ನ ಗಂಡನನ್ನು ಬಿಟ್ಟು ಬಂದಿದ್ದ ಕಾನ್‌ಸ್ಟೇಬಲ್ ಅಷ್ಟು ಹೊತ್ತು ಎದುರಿನ ಕಟ್ಟಡವನ್ನು ನೋಡುತ್ತ ನಿಂತು, ಆಮೇಲೆ ಅವನನ್ನು ಠಾಣೆಗೆ ಕರೆದೊಯ್ದ.

ಇಷ್ಟಾದ ಮೇಲೆ ಪ್ರಿನ್ಸಿಪಾಲರು ಇಂಟರ್‌ನೆಟ್ ತೆಗೆಸಿಬಿಡಬೇಕೆಂದರು. ನಾನು ಮೊದಲ ಸಲ ಅವರಿಗೆ ಎದುರಾಡಿದೆ. "ಬ್ಯಾಡ್ರಿ ಮೇಡಂ. ಇಲ್ಲಿ ಬಾಗಲಾ ಹಾಕಿದ್ರ ಹುಡುಗ್ಯಾರು ಸೆಂಟರಿಗೆ ಹೋಗ್ತಾರ. ಅಲ್ಲಿ ಪರದೆ ಇರ್ತೈತಿ. ಇಲ್ಲಿ ಪರದೆ ಬಿಚ್ಚಿಸ್ರಿ, ನಾ ಕುಂದರ್ತೀನಿ. ಏನರ ಆದ್ರ ಮೊದ್ಲು ನನ್ನ ಮುಂದ ಬಂದು ಹೇಳಲಿ." ಅವರು ಒಪ್ಪಿದರು. ಈಗ ಕಂಪ್ಯೂಟರುಗಳು ಚಾಲೂ ಆಗುತ್ತವೆ. ಸೌಮ್ಯ ನಡುಸಾಲಿನಲ್ಲಿ ಕೂರುತ್ತಾಳೆ. ಅವಳ ಅಪ್ಪ ಅಮ್ಮ ಜಗಳ ಬಿಟ್ಟಿಲ್ಲ, ಆದರೆ ಬಾಗಿಲು ಹಾಕಿಕೊಂಡು ಆಡುತ್ತಾರಂತೆ. ಕೂಲ್ ಕಿರಣ್ ಯಾರೆಂದು ನನಗೆ ಕೊನೆಗೂ ಗೊತ್ತಾಗಲಿಲ್ಲ. ಆ ವರ್ಷ ಇಡೀ ತರಗತಿಗೆ ನಡತೆಯಲ್ಲಿ ಉತ್ತಮ ಎಂದು ಬರೆದೆ.

ಅಬಿಡ್ಸ್‌ನಿಂದ ಮರಳುವಾಗ ನಡೆದದ್ದೊಂದನ್ನು ಮಾತ್ರ ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಬಸ್ಸಿನಲ್ಲಿ ಗಂಡ ಹರಿದ ಕಾಲರ್ ತೋರಿಸಿ ನನ್ನನ್ನು ಬೈಯುತ್ತಿದ್ದರು. ಮುಂದಿನ ಸೀಟಿನ ವಯಸ್ಸಾದ ಹೆಂಗಸೊಬ್ಬರು ತಿರುಗಿ, "ನಮ್ಮ ಕಡೆಯವ್ರೇನ್ರಿ? ಯಾವೂರಾತು?" ಎಂದರು. ಅಷ್ಟು ಪ್ರೀತಿಯಿಂದ ಕೇಳಿದವರಿಗೆ ಏನೆಂದು ಸುಳ್ಳು ಹೇಳುವುದು? ಅಂಬರ್‌ಪೇಟೆ ದಾಟುವಷ್ಟರಲ್ಲಿ ಮನೆಯ ಗುರುತು, ನಾವಿಬ್ಬರೂ ಎಷ್ಟು ಹೊತ್ತಿಗೆ ಬರುತ್ತೇವೆ, ಅತ್ತೆ ಸಂಜೆ ಗುಡಿಗೆ ಹೋಗುವಾಗ ಕೀಲಿಯನ್ನು ಯಾವ ಕುಂಡದ ಕೆಳಗಿಡುತ್ತಾರೆ, ಎಲ್ಲ ಆಗಿತ್ತು. ಗಂಡ ನನ್ನ ಮೊಣಕೈ ಚಿವುಟಿದರು. ಪರಿಚಯ ಮಾಡಿಸು ಎನ್ನುತ್ತಿದ್ದಾರೆಂದು ತಿಳಿದು ಅವರ ಪರಿಚಯವನ್ನೂ ಮಾಡಿಸಿದೆ.

ಮರುದಿನ ಸಂಜೆ ನಾನು ಶಾಲೆಯಿಂದ ಬಂದಾಗ ಬಾಗಿಲು ತೆರೆದಿತ್ತು. ಆ ಹೆಂಗಸು ನಮ್ಮ ಅಡಿಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟು ನಿಂತಿದ್ದರು. ನನ್ನನ್ನು ನೋಡಿ, ಸ್ವಲ್ಪ ಆಕ್ಷೇಪಣೆಯ ದನಿಯಲ್ಲೇ ಹೇಳಿದರು: "ಸಕ್ಕರಿ ಎಲ್ಲಿಟ್ಟೀರಿ ತಂಗಿ? ಅದೊಂದು ನೀವು ಹೇಳಲೇ ಇಲ್ಲ ನೋಡ್ರಿ."